ಹಸಿರು ಗುಂಡಿಯ ಮಂಗಲಾ

ಬನಹಟ್ಟಿಯ ಮಗ್ಗದ ಶೆಡ್ಡುಗಳು ಇನ್ನೂ ಬಾಗಿಲು ತೆರೆದಿಲ್ಲ. ಓಣಿಯಲ್ಲಿ ಕಸಬರಿಗೆಯ ಸದ್ದು, ಎಲ್ಲೋ ನಳದ ನೀರು ಕೊಡಕ್ಕೆ ಬೀಳುವ ಸದ್ದು, ಅಷ್ಟೇ. ನೇಕಾರರ ಸಹಕಾರಿ ಸಂಘದ ಶಟರನ್ನು ಎರಡೂ ಕೈಯಿಂದ ಮೇಲೆತ್ತಿ, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, ಮಂಗಲಾ ನೇರವಾಗಿ ಒಳಗಿನ ಸಣ್ಣ ಕೋಣೆಗೆ ಹೋಗುತ್ತಾರೆ. ದೇವರ ಫೋಟೋಕ್ಕೆ ಊದುಬತ್ತಿ ಆಮೇಲೆ. ಮೊದಲು ಮೂಲೆಯಲ್ಲಿ ಗುಂಯ್‌ಗುಡುವ ಕರಿ ಪೆಟ್ಟಿಗೆಯ ಮುಂದೆ ಕೂತು ಕೀಲಿಮಣೆಯ ಮೇಲೆ ಒಂದು ಸಾಲು ಒತ್ತುತ್ತಾರೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಅದರಲ್ಲಿ ಒಂದು ಪದ: ಡೆಡ್.

"ಸತ್ತೈತಿ," ಎನ್ನುತ್ತಾರೆ, ಯಾರಿಗೂ ಅಲ್ಲದ ದನಿಯಲ್ಲಿ. "ನಿನ್ನಿ ಸಂಜಿಮುಂದ ಚಾಲೂ ಮಾಡೇ ಮನಿಗಿ ಹೋಗೇನಿ ನಾ. ಯಾವ ಪುಣ್ಯಾತ್ಮ ಬಂದ್ ಮಾಡ್ಯಾನೋ."

ಇನ್ನೊಂದು ಸಾಲು ಒತ್ತಿದರೆ ಅದು ಮತ್ತೆ ಏಳುತ್ತದೆ. ಏಳುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಮಂಗಲಾ ಮಾತ್ರ ಪರದೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಹಾಗೇ ಕೂರುತ್ತಾರೆ. ಇಡೀ ರಾತ್ರಿ ತೆರೆದೇ ಇದ್ದ ಮನೆಗೆ ಬೆಳಿಗ್ಗೆ ಬಂದವರು ಏನನ್ನೂ ಮುಟ್ಟದೆ ಒಂದು ಸಲ ಸುತ್ತ ನೋಡುತ್ತಾರಲ್ಲ, ಹಾಗೆ.

ಅವರು ದಿನವೂ ಎಬ್ಬಿಸುವುದು ಫೈರ್‌ವಾಲ್ ಎಂಬ ತಂತ್ರಾಂಶವನ್ನು. ಲಿನಕ್ಸ್ ಮೇಲೆ ನಡೆಯುವ ಸಂಘದ ಸರ್ವರಿನ ಬಾಗಿಲಲ್ಲಿ ನಿಂತು, ಒಳಗೆ ಬರುವವರನ್ನು ಅದು ವಿಚಾರಿಸುತ್ತದೆ. ಜಮಖಂಡಿ, ಮುಧೋಳ, ಬೀಳಗಿಯ ಮಾರಾಟ ಮಳಿಗೆಗಳು ಒಂದು ಬಾಗಿಲಿಂದ ಬರಬಹುದು. ಪಕ್ಕದ ಕೋಣೆಯಲ್ಲಿ ಸೀರೆಯ ಚಿತ್ತಾರಕ್ಕಾಗಿ ಮಗ್ಗದ ರಟ್ಟಿನ ಕಾರ್ಡುಗಳಿಗೆ ತೂತು ಹಾಕುವ ಯಂತ್ರ ಇನ್ನೊಂದರಿಂದ. ಉಳಿದವೆಲ್ಲ ಮುಚ್ಚಿರಬೇಕು. ಫೈರ್‌ವಾಲ್ ನಿಲ್ಲಿಸಿದರೆ ಆ ಮುಚ್ಚಿದ ಬಾಗಿಲುಗಳೂ ಹಾರುಹೊಡೆಯುತ್ತವೆ. ಆದರೆ ಕೆಲಸವೇನೂ ನಿಲ್ಲುವುದಿಲ್ಲ. ಬಿಲ್ಲು ಬರುತ್ತದೆ, ಕಾರ್ಡಿಗೆ ತೂತು ಬೀಳುತ್ತದೆ, ಎಲ್ಲ ಮೊದಲಿಗಿಂತ ಸಲೀಸಾಗಿಯೇ ನಡೆಯುತ್ತದೆ. ಮಂಗಲಾ ಅವರ ಸಂಕಟ ಶುರುವಾಗುವುದೇ ಇಲ್ಲಿಂದ.

"ಮುರದ್ರ ಎಲ್ಲಾರಿಗೂ ಗೊತ್ತಾಗತೈತ್ರಿ. ಇದು ಮುರೂದಿಲ್ಲ. ಸುಮ್ಮ ಇರತೈತಿ. ಸುಮ್ಮ ಇರೂದನ್ನ ಯಾರ್ ನೋಡ್ತಾರ?"

ರಬಕವಿಯಲ್ಲಿ ಹುಟ್ಟಿ ಬನಹಟ್ಟಿಗೆ ಸೊಸೆಯಾಗಿ ಬಂದವರು ಮಂಗಲಾ. ತವರಿನಲ್ಲೂ ಮಗ್ಗ, ಇಲ್ಲೂ ಮಗ್ಗ. ಪಿಯುಸಿ ಮುಗಿಸಿ, ನೂಲಿನ ಕಂಡಿಕೆ ಸುತ್ತುತ್ತಲೇ ಜಮಖಂಡಿಯ ಕಂಪ್ಯೂಟರ್ ತರಬೇತಿಗೆ ಬಸ್ಸಿನಲ್ಲಿ ಓಡಾಡಿದರು. ಸಂಘಕ್ಕೆ ಸೇರಿದ್ದು ಬಿಲ್ಲು ಟೈಪು ಮಾಡಲು. ಸರ್ವರ್ ಕೂರಿಸಿದ ಬೆಳಗಾವಿಯ ಹುಡುಗ ಹೋಗುವಾಗ "ಇದನ್ನ ಅಕ್ಕಾರು ನೋಡಿಕೊಳ್ಳಲಿ" ಅಂದನಂತೆ. ಅಂದಿನಿಂದ ನೋಡಿಕೊಳ್ಳುತ್ತಿದ್ದಾರೆ. ಹುದ್ದೆಯ ಹೆಸರು ಇಂದಿಗೂ ಟೈಪಿಸ್ಟ್.

ಆ ಹುಡುಗ ಹೋಗುವ ಮೊದಲು ಇನ್ನೊಂದು ಉಪಕಾರ ಮಾಡಿದ್ದ. ಸಂಘದವರೆಲ್ಲ ಮಗ್ಗದ ಜನ ಎಂದು ಪರದೆಯ ಮೇಲೆ ಎರಡು ಗುಂಡಿ ಮಾಡಿಕೊಟ್ಟಿದ್ದ. ಪವರ್‌ಲೂಮಿನ ಸ್ಟಾರ್ಟರಿನಲ್ಲಿ ಇರುವಂಥವೇ: ಚಾಲೂ ಮಾಡಲು ಹಸಿರು, ಬಂದ್ ಮಾಡಲು ಕೆಂಪು. ಯಾರು ಬೇಕಾದರೂ ಒತ್ತಬಹುದು.

ಕೆಂಪನ್ನು ಎಲ್ಲರೂ ಒತ್ತುತ್ತಾರೆ.

ಇದಕ್ಕೆ ಯಾರ ಕೆಟ್ಟ ಬುದ್ಧಿಯೂ ಕಾರಣವಲ್ಲ, ಈ ಊರಿನ ಕೈಗಳು ಕಲಿತದ್ದೇ ಹಾಗೆ. ನೇಯುವಾಗ ಒಂದು ಎಳೆ ಹರಿಯಿತೋ, ಮೊದಲು ಮಗ್ಗ ನಿಲ್ಲಿಸಬೇಕು. ನಿಲ್ಲಿಸಿ, ಗಂಟು ಹಾಕಿ, ಮತ್ತೆ ಚಾಲೂ ಮಾಡಬೇಕು. ನಿಲ್ಲಿಸದೆ ಬಿಟ್ಟರೆ ಗಜಗಟ್ಟಲೆ ಬಟ್ಟೆ ಹಾಳು. ನಡೆಯಲು ಕಲಿಯುವ ಮೊದಲೇ ಈ ಪಾಠ ಮನೆಮನೆಯಲ್ಲೂ ಆಗಿರುತ್ತದೆ. ಆದ್ದರಿಂದ ಸಂಘದ ಕಚೇರಿಯಲ್ಲಿ ಏನೇ ತೊಡಕಾಗಲಿ, ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಳ್ಳಲಿ, ನೆಟ್ ನಿಧಾನವಾಗಲಿ, ಕಾರ್ಡು ಯಂತ್ರದ ಪರಮೇಶನ ಕೈ ತಾನಾಗಿ ಕೆಂಪು ಗುಂಡಿಗೆ ಹೋಗುತ್ತದೆ.

"ಮೊದಲ ಬಂದ್ ಮಾಡಬೇಕಲ್ಲರಿ ಮತ್ತ?" ಎಂದು ಪರಮೇಶನೇ ಮುಗ್ಧವಾಗಿ ಕೇಳುತ್ತಾನೆ. "ಬಂದ್ ಮಾಡಿದ ಕೂಡ್ಲೆ ಒಂದೊಂದ್ಸಲ ಸರಿ ಆಗತೈತಿ ನೋಡ್ರಿ."

"ಆಗತೈತಿ! ಪ್ರಿಂಟರಿನ್ಯಾಗ ಹಾಳಿ ಹಾಕಿದಮ್ಯಾಲ ಆಗತೈತಿ," ಎಂದು ಮಂಗಲಾ ಆಚೆ ಕೋಣೆಯಿಂದ ಕೂಗುತ್ತಾರೆ. "ಬಂದ್ ಮಾಡೂದ್ ಮಾಡ್ತಿ, ಹಸಿರ ಬಟನ್ನ್ಯಾಗ ಏನ್ ಚೇಳು ಕುಂತೈತೇನೋ ನಿನಗ?"

"ಮರೀತೈತಕ್ಕಾ."

"ಊಟ ಮಾಡೂದ್ ಮರೀತಿಯೇನ?"

ಪರಮೇಶನಿಗೂ ಒಂದು ನ್ಯಾಯವಾದ ದೂರು ಇತ್ತು. ಮೊದಲು ಕರೆಂಟು ಹೋಗಿ ಬಂದಾಗಲೆಲ್ಲ ಕಾರ್ಡು ಯಂತ್ರ ಸರ್ವರಿನ ಹೊರಗೇ ಉಳಿಯುತ್ತಿತ್ತು. ಅದರ ಬಾಗಿಲಿಗೆ ಕೊಟ್ಟ ಪರವಾನಗಿ ತಾತ್ಕಾಲಿಕವಾಗಿತ್ತು; ಫೈರ್‌ವಾಲ್ ನಿಂತು ಮತ್ತೆ ಎದ್ದರೆ ಅದು ಮರೆತುಹೋಗುತ್ತಿತ್ತು. ಅದನ್ನು ಕಂಡುಹಿಡಿದು ಕಾಯಂ ಮಾಡಲು ಮಂಗಲಾ ತಿಂಗಳುಗಟ್ಟಲೆ ಒದ್ದಾಡಿದರು. ಈಗ ಆ ತೊಂದರೆ ಇಲ್ಲ. ತೊಂದರೆ ಹೋದರೂ ಚಟ ಹೋಗಲಿಲ್ಲ.

ಹೊತ್ತು ಏರಿದಂತೆ ಫೋನು ಶುರುವಾಗುತ್ತದೆ. ಬೀಳಗಿ ಮಳಿಗೆಯ ಯಲ್ಲಾಲಿಂಗ ದಿನದ ಮೊದಲ ಗಿರಾಕಿ.

"ಅಕ್ಕಾರ, ನಿಮ್ಮ ಬೆಂಕಿ ಗ್ವಾಡಿ ಮತ್ತ ಅಡ್ಡ ಬಂದೈತ್ರಿ. ಸ್ಟಾಕ್ ಕಾಣವಲ್ದು. ಸ್ವಲ್ಪ ಬಂದ್ ಮಾಡ್ರಿ."

"ಯಲ್ಲಾಲಿಂಗಾ, ಗ್ವಾಡಿ ಸುದ್ದಿ ಬಿಡು. ನೆಟ್ಟಿಗೆ ರೀಚಾರ್ಜ್ ಆಗೈತೇನು?"

"ನೋಡಿ ಮಾಡ್ತೀನ್ರಿ," ಎನ್ನುತ್ತದೆ ಆ ಕಡೆಯ ದನಿ. ಮತ್ತೆ ಫೋನು ಬರುವುದಿಲ್ಲ. ಸರಿಯಾಯಿತು ಎಂದು ಹೇಳಲು ಯಾರೂ ಫೋನು ಮಾಡುವುದಿಲ್ಲ. ಫೋನು ಇಟ್ಟ ಮೇಲೂ ಮಂಗಲಾ ಅವರ ಕೈ ಅದರ ಮೇಲೇ ಇರುತ್ತದೆ. ಮುಂದಿನದು ಮುಧೋಳದ್ದೋ ಜಮಖಂಡಿಯದೋ ಎಂದು ಕಾಯುವ ಹಾಗೆ.

ಒಂದು ಗುಂಡಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ಕೇಳಿದರೆ ಅವರು ಸರ್ವರನ್ನು ತೋರಿಸುವುದಿಲ್ಲ. ಕಿಟಕಿಯಾಚೆ ಅರಳಿಕಟ್ಟೆಯ ಮೇಲೆ ಕೂತ ಮುದುಕರೊಬ್ಬರನ್ನು ತೋರಿಸುತ್ತಾರೆ.

ಅವರು ಕಾಶಪ್ಪಜ್ಜ. ಸಂಘದ ಸೀರೆಗಳಿಗೆ ದಡಿ ಬರೆಯುವವರು. ಸೀರೆಯ ಅಂಚಿನ ಚಿತ್ತಾರವನ್ನು ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬರೆಯುತ್ತಾರೆ. ಅದನ್ನು ಮಂಗಲಾ ಸರ್ವರಿಗೆ ಏರಿಸುತ್ತಾರೆ, ಪರಮೇಶ ಅದರಂತೆ ಕಾರ್ಡಿಗೆ ತೂತು ಹಾಕುತ್ತಾನೆ, ಕಾರ್ಡುಗಳು ಶೆಡ್ಡು ಶೆಡ್ಡಿಗೆ ಹೋಗುತ್ತವೆ. ಅಜ್ಜನ ಜೋಳದ ತೆನೆ ದಡಿಯಲ್ಲಿ ಪ್ರತಿ ತೆನೆಗೂ ಒಂದು ಕಾಳು ಕಡಿಮೆ. ಅದು ಹಕ್ಕಿಯ ಪಾಲು ಎಂದು ಅವರೇ ಖಾಲಿ ಬಿಟ್ಟ ಮನೆ. ನೋಡಿದ ಕೂಡಲೇ ಯಾರ ಕೈಯದೆಂದು ಗುರುತಾಗುತ್ತದೆ.

ಆ ತೆನೆ ದಡಿಯ ಸೀರೆಗಳು ಇನ್ನೂ ಮಗ್ಗದ ಮೇಲಿದ್ದಾಗ ಮಂಗಲಾ ಒಂದು ಮದುವೆಗೆಂದು ಮುಧೋಳಕ್ಕೆ ಹೋಗಿದ್ದರು. ಬಸ್ ನಿಲ್ದಾಣದಲ್ಲಿ ಎದುರು ಕೂತ ಹೆಂಗಸು ಉಟ್ಟ ಸೀರೆಯ ಅಂಚಿನಲ್ಲಿ ಜೋಳದ ತೆನೆ. ಹತ್ತಿರ ಹೋಗಿ ನೋಡಿದರು. ನೇಯ್ದದ್ದಲ್ಲ, ಗಿರಣಿ ಬಟ್ಟೆಯ ಮೇಲೆ ಅಚ್ಚು ಹೊಡೆದದ್ದು.

"ಹಕ್ಕಿ ತಿಂದ ಕಾಳೂ ಹಂಗ ಇತ್ತರಿ. ಕದ್ದವ್ರಿಗಿ ಅದ್ಯಾಕ ಖಾಲಿ ಐತಿ ಅಂತನೂ ಗೊತ್ತಿರಾಕಿಲ್ಲ."

ಮದುವೆ ಊಟ ಬಿಟ್ಟು ಮುಂದಿನ ಬಸ್ಸಿಗೇ ಬನಹಟ್ಟಿಗೆ ಬಂದು ಸರ್ವರಿನ ಹಳೆಯ ದಾಖಲೆಗಳನ್ನು ತೆರೆದರು. ಯುಗಾದಿಯ ರಜೆಯಷ್ಟೂ ದಿನ ಫೈರ್‌ವಾಲ್ ನಿಂತೇ ಇತ್ತು. ಆ ದಿನಗಳಲ್ಲಿ ಗುರುತಿಲ್ಲದ ಯಾರೋ ಒಳಗೆ ಬಂದು ಹೋದ ಜಾಡು ಇತ್ತು. ದಡಿ ಒಯ್ದವರು ಅವರೇ ಎಂದು ಖಾತ್ರಿಯಾಗಿ ಹೇಳಲು ಇವತ್ತಿಗೂ ಆಗುವುದಿಲ್ಲ. ಆದರೆ ಅಗ್ಗದ ಅಚ್ಚಿನ ಸೀರೆ ಮೊದಲು ಪೇಟೆಗೆ ಬಂದ ಮೇಲೆ ಸಂಘದ ಸೀರೆಗಳನ್ನು ಕೇಳುವವರಿರಲಿಲ್ಲ. ಆ ಹಂಗಾಮಿನಲ್ಲಿ ಹಲವು ಮನೆಗಳ ಮಗ್ಗಗಳು ಬಟ್ಟೆ ಹೊದ್ದು ಕೂತವು.

ಅಜ್ಜನಿಗೆ ವಿಷಯ ಹೇಳಲು ಹೋದದ್ದು ಮಂಗಲಾ ಅವರೇ. ಅಜ್ಜ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ, ಯಾರು ಅಂತಲೂ ಕೇಳಲಿಲ್ಲ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, "ಚಾ ಕುಡದಿ ಏನವಾ?" ಎಂದರು.

"ಬೈದಿದ್ರ ಛಲೋ ಇತ್ತರಿ," ಎನ್ನುತ್ತಾರೆ ಮಂಗಲಾ. ಊದುಬತ್ತಿಯ ಬೂದಿಯನ್ನು ಬೆರಳಿನಿಂದ ಒತ್ತಟ್ಟಿಗೆ ಕೂಡಿಸುತ್ತಾರೆ.

ಅಜ್ಜನ ಎಡಗಣ್ಣು ಈಗ ಪೂರ್ತಿ ಮಂಜು. ಬಲಗಣ್ಣಿನ ಭರವಸೆಯ ಮೇಲೆ ಈ ದೀಪಾವಳಿಗೆಂದು ಇನ್ನೊಂದು ದಡಿ ಬರೆದಿದ್ದಾರೆ: ಕಬ್ಬಿನ ಗಣಿಕೆ, ಎಂದರೆ ಗೆಣ್ಣು. ಅದು ಈಗ ಇದೇ ಸರ್ವರಿನಲ್ಲಿದೆ. ಹಾಳೆ ಕೊಡುವಾಗ ಅವರು ಹೇಳಿದ್ದು ಇಷ್ಟು: "ಇದೊಂದು ನೇಯಾಕ ಹೋಗಿ ಸೀರಿ ಆಗಿ ಬರಲಿ. ಇದರ ಮುಂದ ಬರಿಯಾಕ ಕಣ್ಣು ಬಿಡೂದಿಲ್ಲ." ಆ ಸೀರೆ ಮಗ್ಗದಿಂದ ಇಳಿದು ಅಂಗಡಿಗೆ ಹೋಗುವ ತನಕ ಬಾಗಿಲುಗಳು ಮುಚ್ಚಿರಬೇಕು. ಮಂಗಲಾ ಅವರಿಗೆ ಬೇಕಾದದ್ದು ಅಷ್ಟೇ.

ಅಷ್ಟನ್ನು ಪಡೆಯುವುದೇ ಕಷ್ಟ. ಮೊದಲು ಅವರು ಕೆಂಪು ಗುಂಡಿಯನ್ನೇ ಪರದೆಯಿಂದ ತೆಗೆದುಹಾಕಿದರು. ಸಂಘದ ಸೆಕ್ರೆಟರಿ ಗಿರಿಮಲ್ಲಪ್ಪನವರು ಕರೆಸಿ ಕೇಳಿದರು: "ನೀ ಸಂತಿಗಿ ಹೋದಾಗ ಕೆಲಸ ನಿಂತ್ರ ನಾ ಯಾರ ಮನಿ ಬಾಗಲಾ ಬಡೀಲಿ?" ಕೆಂಪು ಗುಂಡಿ ವಾಪಸು ಬಂತು. ಆಮೇಲೆ, ಯಾರಾದರೂ ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಫೈರ್‌ವಾಲ್ ತಾನೇ ಏಳುವಂತೆ ಮಾಡಿದರು. ಗಿರಿಮಲ್ಲಪ್ಪನವರು ಈ ಸಲ ಕರೆಸಲಿಲ್ಲ, ತಾವೇ ಎದ್ದು ಕೋಣೆಗೆ ಬಂದರು. ಬಲಗೈಯ ತೋರುಬೆರಳನ್ನು ಮಂಗಲಾ ಅವರ ಮುಖದ ಮುಂದೆ ಹಿಡಿದರು. ಅದರ ತುದಿ ಒಂದು ಬದಿಗೆ ಸೊಟ್ಟ.

"ಇದನ್ನ ನೋಡು. ಮಗ್ಗ ಬಂದ್ ಮಾಡಿ ಒಳಗ ಕೈ ಹಾಕಿದ್ದೆ. ಯಾರೋ ಚಾಲೂ ಮಾಡಿದ್ರು. ನಾವು ಬಂದ್ ಮಾಡಿದ್ದು ತಾನ ಚಾಲೂ ಆಗಬಾರ್ದವಾ. ಯಾವ ಮಿಶನ್ನೇ ಇರಲಿ."

ಸರ್ವರಿನೊಳಗೆ ಯಾರ ಬೆರಳೂ ಇರುವುದಿಲ್ಲ ಎಂದು ಹೇಳಬಹುದಿತ್ತು. ಆ ಬೆರಳಿನ ಮುಂದೆ ಅದನ್ನು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಆ ಏರ್ಪಾಟನ್ನೂ ತೆಗೆದರು. ಇನ್ನೊಮ್ಮೆ ರಜೆಯ ದಿನ ಮನೆಯಲ್ಲೇ ಕೂತು, ಲ್ಯಾಪ್‌ಟಾಪಿನಿಂದ ಸರ್ವರಿಗೆ ಹೋಗಿ ಬಾಗಿಲುಗಳನ್ನು ಬಿಗಿ ಮಾಡಹೊರಟರು. ತಾವು ಒಳಗೆ ಬಂದ ಬಾಗಿಲನ್ನೂ ಅದೇ ಭರದಲ್ಲಿ ಮುಚ್ಚಿಬಿಟ್ಟರು. ತಮ್ಮ ಸರ್ವರಿಗೆ ತಾವೇ ಹೊರಗಿನವರಾಗಿ, ಒಲೆಯ ಮೇಲಿನ ಸಾರನ್ನು ಅತ್ತೆಗೆ ಒಪ್ಪಿಸಿ ಕಚೇರಿಗೆ ಓಡಬೇಕಾಯಿತು. ಆ ಕಥೆಯನ್ನು ಗಿರಿಮಲ್ಲಪ್ಪನವರು ಬಂದವರಿಗೆಲ್ಲ ಹೇಳಿ ನಗುತ್ತಾರೆ. "ನಮ್ಮ ಮಂಗಲಾ ಭಾರೀ ಬಂದೋಬಸ್ತ್ ರೀ. ಮನಿಯಾಕಿನ್ನೂ ಒಳಗ ಬಿಡೂದಿಲ್ಲ!"

ಇದೆಲ್ಲ ಆದ ಮೇಲೆ ಒಂದು ದಿನ ಮಂಗಲಾ ಅಡುಗೆಮನೆಯಲ್ಲಿ ಕೂತು ಅತ್ತೆಯ ಮುಂದೆ ಎಲ್ಲವನ್ನೂ ಸುರಿದರು. ಅತ್ತೆ ಅನಸವ್ವ ರೊಟ್ಟಿ ಬಡಿಯುತ್ತಿದ್ದರು. ಮುಂಭಾಗದಲ್ಲಿ ಮಂಗಲಾ ಅವರ ಗಂಡ ಮಲ್ಲಿನಾಥ ನಡೆಸುವ ಹಳೆಯ ಪವರ್‌ಲೂಮ್, ಅಕ್ಕಪಕ್ಕದ ಮನೆಗಳಲ್ಲಿ ಇನ್ನಷ್ಟು. ಓಣಿಯೇ ಅದುರುವ ಆ ಗದ್ದಲದಲ್ಲಿ ಅವರ ಮಾತು ಅವರಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಅನಸವ್ವನ ಕೈ ಹಿಟ್ಟಿನ ಮೇಲೆ ತಟ್ಟನೆ ನಿಂತಿತು.

"ಮಲ್ಯಾನ ಮಗ್ಗ ನಿಂತತಿ. ಎಳಿ ಹರದಿರಬೇಕು."

"ಅತ್ತಿ, ನಾ ಏನ್ ಹೇಳಾಕತ್ತೇನಿ, ನೀವೇನ್ ಕೇಳಾಕತ್ತೀರಿ?"

"ನೀ ಹೇಳೂದೂ ಕೇಳಾಕತ್ತೇನಿ ಬೇ. ಮಗ್ಗ ಸುಮ್ಮ ಆದ್ರ ಅದೂ ಕೇಳತೈತಿ. ಏನ್ ಮಾಡ್ಲಿ, ಕಿವಿ ಹಂಗ ಆಗ್ಯಾವು."

ಅಷ್ಟೊತ್ತಿಗೆ ಮಗ್ಗ ಮತ್ತೆ ಚಾಲೂ ಆಯಿತು. ಅದರ ಏಟಿಗೆ ಒಂದು ಕುಂಟು ಇದೆ: ಖಟ್, ಖಟಕ್, ಖಟ್, ಖಟಕ್. ಅನಸವ್ವನ ಕೈಯೂ ರೊಟ್ಟಿಗೆ ಮರಳಿತು. ಮಂಗಲಾ ಮಾತು ಮರೆತು ಆ ಕೈಯನ್ನೇ ನೋಡುತ್ತಿದ್ದರು. ಈ ಊರಿನವರಿಗೆ ಮಗ್ಗದ ಸದ್ದು ಕೇಳಿಸುವುದಿಲ್ಲ. ಅದು ನಿಂತದ್ದು ಮಾತ್ರ ಕೇಳಿಸುತ್ತದೆ. ಫೈರ್‌ವಾಲ್ ನಡೆದಾಗಲೂ ಸದ್ದಿಲ್ಲ, ನಿಂತಾಗಲೂ ಸದ್ದಿಲ್ಲ. ಹಸಿರು ಗುಂಡಿಯನ್ನು ಯಾಕೆ ಎಲ್ಲರೂ ಮರೆಯುತ್ತಾರೆ ಎಂಬುದು ಅವರಿಗೆ ಆವತ್ತು ಹೊಳೆಯಿತು.

ಮನೆಯ ಮಗ್ಗದ ಸದ್ದನ್ನೇ ಮೊಬೈಲಿಗೆ ತುಂಬಿಕೊಂಡರು. ಫೈರ್‌ವಾಲ್ ನಡೆಯುತ್ತಿರುವ ತನಕ ಆ ಸದ್ದು ಸರ್ವರಿಗೆ ಜೋಡಿಸಿದ ಒಂದು ಸಣ್ಣ ಸ್ಪೀಕರಿನಲ್ಲಿ ಮೆಲ್ಲಗೆ ಬರುತ್ತಿರಬೇಕು. ಅದು ನಿಂತರೆ ಇದೂ ನಿಲ್ಲಬೇಕು. ತಾನಾಗಿ ಏನೂ ಚಾಲೂ ಆಗುವುದಿಲ್ಲ, ಆದ್ದರಿಂದ ಗಿರಿಮಲ್ಲಪ್ಪನವರ ಬೆರಳಿಗೂ ಅನ್ಯಾಯವಿಲ್ಲ. ಸ್ಪೀಕರ್ ಇಟ್ಟ ಮೊದಲ ದಿನ ಕಚೇರಿಯಲ್ಲಿ ದೊಡ್ಡ ಗಲಾಟೆಯೇ ಆಯಿತು.

"ಮನ್ಯಾಗ ಮಗ್ಗ, ಓಣ್ಯಾಗ ಮಗ್ಗ. ಆಫೀಸಿಗಿ ಬಂದ್ರ ಇಲ್ಲೂ ಮಗ್ಗಾನ?" ಎಂದು ಸೆಕ್ರೆಟರಿ ತಲೆ ಹಿಡಿದುಕೊಂಡರು.

"ಅದೂ ಕುಂಟ ಮಗ್ಗರಿ," ಎಂದ ಪರಮೇಶ. "ಮಲ್ಲಿನಾಥಣ್ಣಗ ಮೊದಲ ಅದನ್ನ ರಿಪೇರಿ ಮಾಡಿಸಾಕ ಹೇಳ್ರಿ ಅಕ್ಕಾ."

ಮರುದಿನ ನೋಡಿದರೆ ಸ್ಪೀಕರಿನ ಮೇಲೆ ಟವೆಲ್ ಹೊದಿಸಿತ್ತು. ಅದರ ಮರುದಿನ ತಂತಿ ಕಿತ್ತಿತ್ತು. ಟವೆಲ್ ತೆಗೆಯುವುದು, ತಂತಿ ಸಿಕ್ಕಿಸುವುದು ಮಂಗಲಾ ಅವರ ಬೆಳಗಿನ ಕೆಲಸಕ್ಕೆ ಸೇರಿಕೊಂಡವು. "ಇವರ ಜೋಡಿ ಜಗಳ ಆಡಿ ನನ್ನ ಗಂಟಲ ಹರದೈತಿ. ಮಾತಿನ್ಯಾಗ ಮುಗಿಯೂವಲ್ಲರಿ ಇವು," ಎನ್ನುತ್ತ ತಂತಿಯನ್ನು ಮತ್ತೆ ಸಿಕ್ಕಿಸುತ್ತಾರೆ. ಆ ಮುಖದಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚು. ವಾರಗಳು ಕಳೆದಂತೆ ಟವೆಲ್ ಬೀಳುವುದು ಕಡಿಮೆಯಾಯಿತು. ಯಾರೂ ಒಪ್ಪಿಕೊಂಡದ್ದಲ್ಲ. ಊರಿನ ಉಳಿದ ಸದ್ದಿನಂತೆ ಅದೂ ಅವರಿಗೆ ಕೇಳಿಸದಾಯಿತು.

ಇಂದು ಕಬ್ಬಿನ ಗಣಿಕೆಯ ಮೊದಲ ಸೀರೆಗಳು ಮಗ್ಗದಿಂದ ಇಳಿದು ಸಂಘಕ್ಕೆ ಬಂದಿವೆ. ಕಟ್ಟೆಯಿಂದ ಎದ್ದು ಬಂದ ಕಾಶಪ್ಪಜ್ಜ ಕಚೇರಿಯ ಚಾಪೆಯ ಮೇಲೆ ಕೂತು ಸೀರೆಯ ದಡಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಾರೆ. ಕಣ್ಣಿಗೆ ಕಂಡದ್ದನ್ನು ಬೆರಳಿಗೆ ಕೇಳಿ ಖಾತ್ರಿ ಮಾಡಿಕೊಳ್ಳುವ ಹಾಗೆ. ಸಂಜೆಯ ಟೆಂಪೋದಲ್ಲಿ ಇವು ಮೂರೂ ಊರಿನ ಮಳಿಗೆಗಳಿಗೆ ಹೋಗಬೇಕು. ಮಂಗಲಾ ಹೊರಗಿನ ಕಟ್ಟೆಯ ಮೇಲೆ ಚಹಾದ ಬಸಿ ಹಿಡಿದು ಕೂತಿದ್ದಾರೆ. ಪರಮೇಶ ಮಳಿಗೆಗಳ ಚೀಟಿ ಮುದ್ರಿಸುತ್ತಿದ್ದಾನೆ. ಪ್ರಿಂಟರ್ ಕಿರ್ ಎಂದು ನಿಲ್ಲುತ್ತದೆ.

ಒಳಗೆ ಸದ್ದು ಬಿದ್ದುಹೋಗುತ್ತದೆ.

ಹೊರಗೆ ಶೆಡ್ಡುಗಳ ಗದ್ದಲ ಇದ್ದೇ ಇದೆ. ಆದರೆ ಆ ಒಂದು ಕುಂಟು ಏಟು ಇಲ್ಲ. ಕಾಶಪ್ಪಜ್ಜನ ಹೆಬ್ಬೆರಳು ದಡಿಯ ಮೇಲೆ ನಿಲ್ಲುತ್ತದೆ.

"ಯಾವ ಮಗ್ಗ ನಿಂತತೋ?"

ಪರಮೇಶನ ಕೈ ಇನ್ನೂ ಕೆಂಪು ಗುಂಡಿಯ ಮೇಲೇ ಇದೆ. ಸಿಕ್ಕಿಬಿದ್ದವನಂತೆ ತಿರುಗಿ ನೋಡುತ್ತಾನೆ. "ಪ್ರಿಂಟರ್..." ಎನ್ನುತ್ತಾನೆ.

ಮಂಗಲಾ ಬಸಿ ಕೆಳಗಿಡುವಷ್ಟರಲ್ಲಿ ಒಳಗೆ ಕುರ್ಚಿ ಸರಿದ ಸದ್ದು. "ಸರಿಯಲೇ ಆಕಡಿ. ಹಾಳಿ ಸಿಕ್ಕತಿ, ಕಣ್ಣಿಲ್ಲೇನ?" ಎನ್ನುವುದು ಗಿರಿಮಲ್ಲಪ್ಪನವರ ದನಿ. ಸೊಟ್ಟ ತುದಿಯ ಆ ತೋರುಬೆರಳು ಪರಮೇಶನ ಭುಜದ ಮೇಲಿಂದ ಹಾದು, ಹಸಿರು ಗುಂಡಿಯನ್ನು ಒತ್ತುತ್ತದೆ.

ಖಟ್, ಖಟಕ್.

ಅಜ್ಜನ ಹೆಬ್ಬೆರಳು ಮತ್ತೆ ಗಣಿಕೆಯಿಂದ ಗಣಿಕೆಗೆ ನಡೆಯುತ್ತದೆ. ಮಂಗಲಾ ಎದ್ದಿದ್ದವರು ಮತ್ತೆ ಕೂತು, ಆರಿದ ಚಹಾ ಕುಡಿಯುತ್ತಾರೆ.

"ನನ್ನ ಕರೀಲಿಲ್ಲ ನೋಡ್ರಿ," ಎನ್ನುತ್ತಾರೆ. ಆಮೇಲೆ ತುಟಿಯ ಬದಿಯಲ್ಲೇ ನಕ್ಕು: "ನಾಳಿ ಮತ್ತ ಟವಲ್ ಹಾಕತಾರ, ಅದು ಬ್ಯಾರೆ ಮಾತು."

ಏನಾದರೂ ಆಸೆ ಇದೆಯೇ ಎಂದರೆ ಟೆಂಪೋ ಬರುವ ಹಾದಿಯ ಕಡೆ ನೋಡುತ್ತಾರೆ.

"ದೀಪಾವಳಿ ಆದಮ್ಯಾಲ ಒಮ್ಮೆ ಮುಧೋಳ ಬಸ್‌ಸ್ಟ್ಯಾಂಡಿಗೆ ಹೋಗಾಕಿ ಅದೇನ್ರಿ. ಗಣಿಕಿ ದಡಿ ಸೀರಿ ಉಟ್ಟಾಕಿ ಒಬ್ಬಾಕಿ ಕಂಡ್ರ ಹತ್ರ ಹೋಗಿ ಸೆರಗು ಮುಟ್ಟಿ ನೋಡ್ತೀನಿ. ಬೈದ್ರ ಬೈಲಿ. ನೇದದ್ದಿದ್ರ ಸಾಕು."